ಉಪ್ಪುನೀರಿನಲ್ಲಿ ಬಾಳುವ ಸೂಕ್ಷ್ಮಜೀವಿಗಳು

ಪ್ರತಿವರುಷ ಬೇಸಿಗೆಯಲ್ಲಿ ನಮ್ಮ ಮನೆಗಳೊಳಗೆ ನಡೆಯುವ ಒಂದು ಕೆಲಸದಿಂದಲೇ ಈ ಪಾಠವನ್ನು ಪ್ರಾರಂಭಿಸುವೆವು. ಮಾವಿನ ಮಿಡಿಗಳನ್ನು ತೊಳೆದು, ಒರಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಎಂಬಂತೆ ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಡುವರು. ಕೆಲವು ದಿನಗಳ ಮೇಲೆ ತೆರೆದು ನೋಡಿದರೆ ಮಿಡಿಗಳು ಚಿರುಟಿ ಸಣ್ಣವಾಗಿರುವವು. ಯಾರೂ ಹೊಯ್ಯದ ನೀರು ಭರಣಿಯಲ್ಲಿ ನಿಂತಿರುವದು. ಆ ನೀರು ಎಲ್ಲಿಂದ ಬಂತೆಂದು ಕೇಳಿದರೆ, ಮಿಡಿಗಳ ಒಳಗಿನಿಂದಲೇ ಬಂತೆಂದು ಹೇಳಬೇಕು. ತೆಳುವಾದ ಪೊರೆಯೊಂದರ ಒಂದು ಕಡೆಯಲ್ಲಿ ಉಪ್ಪು ಹೆಚ್ಚಾಗಿಯೂ ಮತ್ತೊಂದು ಕಡೆಯಲ್ಲಿ ಕಡಿಮೆಯಾಗಿಯೂ ಇದ್ದರೆ, ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ನೀರು ಹರಿದುಹೋಗುವದು. ಇದಕ್ಕೆ ಅಭಿಸರಣವೆಂದು ಹೆಸರು.

ಮಿಡಿಗೆ ಆದ ಗತಿಯೇ ಆ ಭರಣಿಯೊಳಗೆ ಬಿದ್ದ ಸಾಮಾನ್ಯ ಸೂಕ್ಷ್ಮಜೀವಿಗಳಿಗೂ ಆಗುವದು. ಅವುಗಳ ಮೈಯ ನೀರೆಲ್ಲ ಹೊರಗೆ ಸೆಳೆಯಲ್ಪಟ್ಟು, ಅವು ಬೆಳೆಯಲಾರದೆ ಹೋಗುವವು. ಆದಕಾರಣವೇ ಉಪ್ಪಿನಕಾಯಿ ಕೆಡುವದಿಲ್ಲ; ಆದಕಾರಣವೇ ಕರಾವಳಿಯವರು ಹಲಸಿನ ಸೊಳೆಯನ್ನೂ ಮೀನನ್ನೂ ಉಪ್ಪಿನಲ್ಲಿಟ್ಟು ಮಳೆಗಾಲಕ್ಕೆ ಕಾದಿಡುವರು. ಉಪ್ಪು ಕಾಪಾಡುವದೆಂಬ ಈ ಮಾತು ನಮ್ಮ ತಾಯಿ ಅಜ್ಜಿಯರಿಗೆ ವಿಜ್ಞಾನದ ಪುಸ್ತಕಗಳು ಹುಟ್ಟುವದಕ್ಕಿಂತ ಮುಂಚೆಯೇ ತಿಳಿದಿತ್ತು.

ಆದರೆ ಈ ನಿಯಮಕ್ಕೆ ಒಂದು ಅಪವಾದ ಉಂಟು. ಉಪ್ಪಿನಲ್ಲಿಟ್ಟ ಮೀನಿನ ಮೇಲೆ ಕೆಲವು ಸಾರಿ ಕೆಂಪುಬಣ್ಣ ಹತ್ತಿ ಅದು ಕೆಟ್ಟುಹೋಗುವದು. ಉಪ್ಪು ಸವರಿದ ಚರ್ಮಗಳಿಗೂ ಹೀಗೆಯೇ ಆಗುವದುಂಟು. ಉಪ್ಪು ಕಡಿಮೆಯಾಯಿತೆಂದು ಇನ್ನಷ್ಟು ಹಾಕಿದರೆ ಈ ಕೇಡು ನಿಲ್ಲುವದಿಲ್ಲ. ಯಾಕಂದರೆ ಆ ಕೆಂಪು ಉಪ್ಪಿಲ್ಲದೆ ಬದುಕಲಾರದ ಜೀವಿಗಳ ಬಣ್ಣವಾಗಿದೆ. ಅವು ಬಂದದ್ದೂ ಆ ಉಪ್ಪಿನ ಸಂಗಡಲೇ. ಎಲ್ಲಾ ಜೀವಿಗಳನ್ನೂ ಒಣಗಿಸುವ ಉಪ್ಪಿನಲ್ಲಿ ಇವು ಹೇಗೆ ಬಾಳುತ್ತವೆ, ಇವುಗಳ ಒಳಗಿನ ಕೆಲಸಗಳು ಹೇಗೆ ಸಾಗುತ್ತವೆ ಎಂಬದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶ.

ಸತ್ಯವೇದದ ಪಾಠದಲ್ಲಿ ಪಲೆಸ್ತೀನದ ಭೂಪಟವನ್ನು ಬರೆದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಸಂಗತಿ ನೆನಪಿರಬಹುದು. ಗಲಿಲಾಯ ಸಮುದ್ರದಿಂದ ತೆಂಕಣಕ್ಕೆ ಇಳಿಯುವ ಯೊರ್ದನ್ ಹೊಳೆಯು ಲವಣಸಮುದ್ರವನ್ನು ಸೇರಿ ಅಲ್ಲಿಯೇ ಕೊನೆಗಾಣುವದು. ಆ ಸಮುದ್ರದೊಳಗೆ ಹೊಳೆಗಳು ಬರುವದುಂಟು, ಹೊರಗೆ ಹೋಗುವ ದಾರಿ ಇಲ್ಲ. ನೀರು ಬಿಸಿಲಿಗೆ ಆವಿಯಾಗಿ ಹೋಗುವದು, ಉಪ್ಪು ಮಾತ್ರ ಉಳಿಯುವದು. ಸಾಧಾರಣ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಲವಣವಿದ್ದರೆ, ಈ ನೀರಿನಲ್ಲಿ ಸುಮಾರು ಅದರ ಹತ್ತರಷ್ಟು ಇರುವದು. ಮೀನು ಅದರಲ್ಲಿ ಬದುಕುವದಿಲ್ಲ. ಇದರಿಂದಲೇ ಇದಕ್ಕೆ ಮೃತಸಮುದ್ರವೆಂಬ ಹೆಸರು ಬಂತು.

ಈ ಹೆಸರು ಪೂರ್ಣವಾಗಿ ಸತ್ಯವಲ್ಲವೆಂದು ೧೯೩೬ ರಲ್ಲಿ ಬೆಂಜಮಿನ್ ವಿಲ್ಕಾನ್ಸ್ಕಿ ಎಂಬ ತರುಣ ವಿಜ್ಞಾನಿಯು ತೋರಿಸಿದರು. ಮುಂದೆ ಇವರು ಎಲಜಾರಿ ವೋಲ್ಕಾನಿ ಎಂಬ ಹೆಸರಿನಿಂದ ಪ್ರಸಿದ್ಧರಾದರು. ಲವಣಸಮುದ್ರದ ನೀರಿನಲ್ಲಿ ಜೀವವುಂಟೆಂದು ಅವರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇನ್ನೂ ಆಶ್ಚರ್ಯವೇನೆಂದರೆ, ಆ ಕಾಲದಲ್ಲಿ ತೆಗೆದ ನೀರಿನಿಂದ ಸಿದ್ಧಪಡಿಸಿ ಇಟ್ಟಿದ್ದ ಸೀಸೆಗಳನ್ನು ೫೭ ವರುಷಗಳಾದ ಮೇಲೆ ಪರೀಕ್ಷಿಸಿದಾಗ, ಜೀವವುಳ್ಳ ೨೨ ತಳಿಗಳನ್ನು ಬೆಳೆಸಲು ಸಾಧ್ಯವಾಯಿತು. ಈ ಕೆಲಸವು ೧೯೯೬ ರಲ್ಲಿ ಪ್ರಕಟವಾಯಿತು.

ಇಂಥ ಜೀವಿಗಳಿಗೆ ಎರಡು ಕಷ್ಟಗಳನ್ನು ಗೆಲ್ಲಬೇಕಾಗುವದು. ಮೊದಲನೆಯದು, ಮೈಯ ನೀರು ಹೊರಗೆ ಹೋಗದಂತೆ ನೋಡಿಕೊಳ್ಳುವದು. ಎರಡನೆಯದು ಇದಕ್ಕಿಂತ ಕಠಿನವಾದದ್ದು. ಅದನ್ನು ತಿಳಿಯಬೇಕಾದರೆ ಕಿಣ್ವಗಳೆಂದರೇನೆಂದು ತಿಳಿಯಬೇಕು.

ಒಂದು ತುತ್ತು ಬರಿಯ ಅನ್ನವನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರೆ ಅದು ಸಿಹಿಯಾಗುವದು. ನಮ್ಮ ಎಂಜಲಿನಲ್ಲಿರುವ ಒಂದು ಪದಾರ್ಥವು ಅನ್ನದ ಹಿಟ್ಟನ್ನು ಒಡೆದು ಸಕ್ಕರೆಯಾಗಿ ಮಾಡುವದರಿಂದ ಹೀಗಾಗುವದು. ಇಂಥ ಪದಾರ್ಥಗಳೇ ಕಿಣ್ವಗಳು. ಒಡೆಯುವದು, ಕೂಡಿಸುವದು, ಆಹಾರದಿಂದ ಶಕ್ತಿಯನ್ನು ತೆಗೆಯುವದು, ಜೀವಿಯ ದೇಹದ ಈ ಕೆಲಸಗಳನ್ನೆಲ್ಲ ಕಿಣ್ವಗಳೇ ನಡಿಸುವವು. ಕಿಣ್ವಗಳು ಸಾಮಾನ್ಯವಾಗಿ ಪ್ರೋಟೀನುಗಳು. ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಆ ಸರವು ಒಂದು ನಿಶ್ಚಿತವಾದ ರೀತಿಯಲ್ಲಿ ಮಡಿಚಿಕೊಂಡು ಒಂದು ಆಕಾರವನ್ನು ಪಡೆದರೆ ಮಾತ್ರ ಕೆಲಸಮಾಡುವದು. ಕೀಲಿಕೈಯ ಹಲ್ಲು ಸೊಟ್ಟಗಾದರೆ ಬೀಗ ತೆರೆಯುವದಿಲ್ಲವಷ್ಟೆ. ಮೊಟ್ಟೆಯ ಬಿಳಿಯ ಲೋಳೆಯನ್ನು ಕಾಯಿಸಿದರೆ ಅದು ಗಟ್ಟಿಯಾಗಿ ಬೆಳ್ಳಗಾಗುವದು. ಅದರೊಳಗಿನ ಪ್ರೋಟೀನು ಎಲ್ಲಿಗೂ ಹೋಗಲಿಲ್ಲ, ಅದರ ಆಕಾರವು ಕೆಟ್ಟಿತು.

ಬೆಂಕಿಯು ಹೀಗೆ ಮಾಡುವಂತೆ ಬಹಳವಾದ ಉಪ್ಪು ಸಹ ಪ್ರೋಟೀನುಗಳನ್ನು ಕೆಡಿಸಬಲ್ಲದು. ಪ್ರೋಟೀನಿನ ಸುತ್ತಲೂ ನೀರಿನ ಒಂದು ತೆಳುವಾದ ಹೊದಿಕೆ ಇರುವದು. ಉಪ್ಪು ಅತಿಯಾದಾಗ ಅದು ನೀರನ್ನು ತನ್ನ ಕಡೆಗೆ ಹಿಡಿದುಕೊಳ್ಳುವದು. ಹೊದಿಕೆಯನ್ನು ಕಳೆದುಕೊಂಡ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುವವು. ಕಿಣ್ವಗಳು ನಿಂತರೆ ಜೀವಿಯೂ ನಿಂತಹಾಗೆಯೇ. ಹೊರಗಿನ ಉಪ್ಪನ್ನು ಒಳಗೆ ಬಿಟ್ಟುಕೊಂಡರೆ ಕಿಣ್ವಗಳು ಕೆಡುವವು. ಬಿಟ್ಟುಕೊಳ್ಳದಿದ್ದರೆ ನೀರು ಹೊರಟುಹೋಗುವದು. ಈ ಇಕ್ಕಟ್ಟಿನಿಂದ ಪಾರಾಗುವದಕ್ಕೆ ಎರಡು ಮಾರ್ಗಗಳು ಕಾಣಬರುತ್ತವೆ.

ಮೊದಲನೆಯ ಮಾರ್ಗವು ಹ್ಯಾಲೋಬ್ಯಾಕ್ಟೀರಿಯಂ ಸಲಿನೇರಂ ಎಂಬ ಜೀವಿಯದು. ಉಪ್ಪುಮೀನನ್ನು ಕೆಂಪಾಗಿಸುವವುಗಳಲ್ಲಿ ಇದೂ ಒಂದು. ಇದರ ಹೆಸರಿನಲ್ಲಿ ಬ್ಯಾಕ್ಟೀರಿಯವೆಂಬ ಮಾತು ಇದ್ದರೂ, ಇದು ಬ್ಯಾಕ್ಟೀರಿಯಗಳ ವಂಶಕ್ಕೆ ಸೇರಿದ್ದಲ್ಲ. ೧೯೭೭ ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬವರು ಬೇರೆಯೇ ಒಂದು ವಂಶವನ್ನು ಗುರುತಿಸಿದರು. ಈಗ ಆರ್ಕಿಯವೆಂದು ಕರೆಯಲ್ಪಡುವ ಆ ವಂಶಕ್ಕೆ ಇದು ಸೇರಿದೆ. ಹಳೆಯ ಹೆಸರು ಮಾತ್ರ ಉಳಿದುಕೊಂಡಿತು.

ಈ ಜೀವಿಯು ಉಪ್ಪನ್ನು ಹೊರಗಿಡುವ ಪ್ರಯತ್ನವನ್ನೇ ಬಿಟ್ಟಿದೆ. ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಅಂಶವನ್ನು ಇದು ಎಡೆಬಿಡದೆ ಹೊರಕ್ಕೆ ತಳ್ಳುವದು. ಅದಕ್ಕೆ ಬದಲಾಗಿ ಪೊಟ್ಯಾಸಿಯಂ ಲವಣವನ್ನು ಹೊರಗಿನ ಉಪ್ಪಿಗೆ ಸರಿದೂಗುವಷ್ಟು ಒಳಗೆ ತುಂಬಿಕೊಳ್ಳುವದು. ಎರಡು ಕಡೆಗಳೂ ಸಮತೂಕವಾದ್ದರಿಂದ ನೀರು ಹೊರಟುಹೋಗುವದಿಲ್ಲ. ಹೀಗೆ ಮೊದಲನೆಯ ಕಷ್ಟವು ತೀರಿತು. ಆದರೆ ಒಳಗೆಲ್ಲ ಲವಣ ತುಂಬಿದ ಮೇಲೆ ಕಿಣ್ವಗಳ ಗತಿ ಏನು?

ಇದಕ್ಕಾಗಿ ಅದರ ಕಿಣ್ವಗಳೇ ಬೇರೆಯಾಗಿವೆ. ಅಮೈನೋ ಆಮ್ಲಗಳಲ್ಲಿ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಎಂಬ ಎರಡು ಋಣವಿದ್ಯುದಂಶವುಳ್ಳವುಗಳಾಗಿವೆ. ಉಪ್ಪುಮೆಚ್ಚುವ ಜೀವಿಗಳ ಕಿಣ್ವಗಳ ಮೇಲ್ಮೈಯಲ್ಲಿ ಇಂಥ ಮಣಿಗಳು ಬಹಳ ಹೆಚ್ಚು. ಅವು ನೀರನ್ನೂ ಲವಣದ ಕಣಗಳನ್ನೂ ಒಟ್ಟಾಗಿ ತಮ್ಮ ಸುತ್ತಲೂ ಹಿಡಿದು ನಿಲ್ಲಿಸುವವು. ಉಪ್ಪು ನೀರನ್ನು ಕಸಿದುಕೊಳ್ಳುವದರ ಬದಲಾಗಿ, ಉಪ್ಪೇ ನೀರಿನ ಹೊದಿಕೆಯ ಒಂದು ಭಾಗವಾಗುವದು. ಲವಣಸಮುದ್ರದಲ್ಲಿ ಸಿಕ್ಕಿದ ಹ್ಯಾಲೋಆರ್ಕ್ಯುಲಾ ಮಾರಿಸ್‌ಮಾರ್ಟುಯಿ ಎಂಬ ಜೀವಿಯ ಮ್ಯಾಲೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಆಕಾರವನ್ನು ವಿಜ್ಞಾನಿಗಳು ೧೯೯೫ ರಲ್ಲಿ ಸೂಕ್ಷ್ಮವಾಗಿ ಚಿತ್ರಿಸಿ ಈ ಏರ್ಪಾಡನ್ನು ಕಂಡರು.

ಆದರೆ ಈ ಏರ್ಪಾಡಿಗೆ ಒಂದು ಬೆಲೆ ಉಂಟು. ಆ ಕಿಣ್ವವನ್ನು ಲೀಟರಿಗೆ ಸುಮಾರು ೧೧೭ ಗ್ರಾಂಗಿಂತ ಕಡಿಮೆ ಅಡಿಗೆಯ ಉಪ್ಪಿರುವ ನೀರಿಗೆ ಹಾಕಿದರೆ ಅದು ಮೆಲ್ಲಮೆಲ್ಲನೆ ತನ್ನ ಆಕಾರವನ್ನು ಕಳೆದುಕೊಳ್ಳುವದು. ಇದು ಸಮುದ್ರದ ನೀರಿನ ಉಪ್ಪಿಗಿಂತ ಮೂರರಷ್ಟಕ್ಕೂ ಹೆಚ್ಚೆಂಬದನ್ನು ವಾಚಕರು ಗಮನಿಸಬೇಕು. ಋಣವಿದ್ಯುದಂಶಗಳು ಒಂದನ್ನೊಂದು ದೂಡುವವು; ಅವುಗಳ ನಡುವೆ ನಿಂತು ಸಮಾಧಾನಪಡಿಸುತ್ತಿದ್ದ ಲವಣವು ಹೋದಮೇಲೆ ಸರವು ಬಿಚ್ಚಿಕೊಳ್ಳುವದು. ಕಿಣ್ವ ಮಾತ್ರವಲ್ಲ, ಹ್ಯಾಲೋಬ್ಯಾಕ್ಟೀರಿಯಂ ಜೀವಿಯನ್ನೇ ಸಿಹಿನೀರಿಗೆ ಹಾಕಿದರೆ ಅದರ ಮೈ ಒಡೆದುಹೋಗುವದು. ಇತರ ಜೀವಿಗಳಿಗೆ ಜೀವಜಲವಾಗಿರುವ ಮಳೆಯ ನೀರು ಇದಕ್ಕೆ ಮರಣ. ಬ್ಯಾಕ್ಟೀರಿಯಗಳ ನಿಜವಾದ ವಂಶದಲ್ಲಿಯೂ ಇದೇ ಮಾರ್ಗವನ್ನು ಹಿಡಿದ ಸಲಿನಿಬ್ಯಾಕ್ಟರ್ ರೂಬರ್ ಎಂಬ ಕೆಂಪು ಜೀವಿಯೊಂದು ಸ್ಪೇನ್ ದೇಶದ ಉಪ್ಪಿನ ಗದ್ದೆಗಳಲ್ಲಿ ದೊರೆತು, ೨೦೦೨ ರಲ್ಲಿ ವರ್ಣಿಸಲ್ಪಟ್ಟಿತು.

ಎರಡನೆಯ ಮಾರ್ಗವು ಇದಕ್ಕೆ ತೀರ ಬೇರೆಯಾದದ್ದು. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದ ಉಪ್ಪಿನ ಗದ್ದೆಯಲ್ಲಿ ಸಿಕ್ಕಿ, ೧೯೮೦ ರಲ್ಲಿ ವರ್ಣಿಸಲ್ಪಟ್ಟ ಹ್ಯಾಲೋಮೊನಾಸ್ ಇಲಾಂಗೇಟ ಎಂಬ ಬ್ಯಾಕ್ಟೀರಿಯವನ್ನು ಇದಕ್ಕೆ ದೃಷ್ಟಾಂತವಾಗಿ ತೆಗೆದುಕೊಳ್ಳುವೆವು. ಇದು ಉಪ್ಪನ್ನು ಆದಷ್ಟು ಹೊರಗೆ ಇಡುವದು. ನೀರು ಹೊರಟುಹೋಗದಂತೆ ಉಪ್ಪಿಗೆ ಬದಲಾಗಿ ಮತ್ತೊಂದು ಪದಾರ್ಥವನ್ನು ತಾನೇ ತಯಾರಿಸಿ ಒಳಗೆ ತುಂಬಿಕೊಳ್ಳುವದು. ಆ ಪದಾರ್ಥದ ಹೆಸರು ಎಕ್ಟೋಯಿನ್. ಐಗುಪ್ತದೇಶದ ವಾದಿ ನತ್ರೂನ್ ಎಂಬ ಸವಳು ಸರೋವರಗಳ ಕಣಿವೆಯಿಂದ ತಂದ ಬೇರೊಂದು ಬ್ಯಾಕ್ಟೀರಿಯದಲ್ಲಿ ಇದನ್ನು ೧೯೮೫ ರಲ್ಲಿ ಮೊದಲು ಕಂಡುಹಿಡಿದರು. ಎಕ್ಟೋಯಿನ್ ಎಷ್ಟು ತುಂಬಿದರೂ ಕಿಣ್ವಗಳ ಕೆಲಸಕ್ಕೆ ಅಡ್ಡಿಮಾಡುವದಿಲ್ಲ. ಅದು ಪ್ರೋಟೀನಿನ ನೀರಿನ ಹೊದಿಕೆಯನ್ನು ಕಸಿಯದೆ, ಅದರ ಆಕಾರವು ನಿಲ್ಲುವಂತೆ ಸಹಾಯಮಾಡುವದು. ಆದಕಾರಣ ಈ ಜೀವಿಯ ಒಳಗಿನ ಕಿಣ್ವಗಳು ಬಹುಮಟ್ಟಿಗೆ ಸಾಮಾನ್ಯ ಜೀವಿಗಳ ಕಿಣ್ವಗಳಂತೆಯೇ ಇರಬಹುದು.

ಆದರೆ ಎಕ್ಟೋಯಿನನ್ನು ಎಷ್ಟು ಮಾಡಬೇಕು, ಯಾವಾಗ ನಿಲ್ಲಿಸಬೇಕು? ಇಲ್ಲಿಯೇ ಕಿಣ್ವಗಳ ನಿಯಂತ್ರಣವು ಕಾಣಬರುವದು. ಹೊರಗೆ ಉಪ್ಪು ಥಟ್ಟನೆ ಹೆಚ್ಚಿದಾಗ ಸಾಮಾನ್ಯವಾಗಿ ಇಂಥ ಬ್ಯಾಕ್ಟೀರಿಯಗಳು ತಕ್ಷಣದ ಉಪಾಯವಾಗಿ ಪೊಟ್ಯಾಸಿಯಂ ಮತ್ತು ಗ್ಲುಟಾಮೇಟ್ ಎಂಬವುಗಳನ್ನು ಕೂಡಿಸಿಕೊಳ್ಳುವವು. ಮನೆಗೆ ಥಟ್ಟನೆ ನೆಂಟರು ಬಂದರೆ ಅಡಿಗೆಯಾಗುವವರೆಗೆ ಬೆಲ್ಲ ನೀರು ಕೊಟ್ಟು ಉಪಚರಿಸುವಂತೆ ಇದು. ಅಷ್ಟರಲ್ಲಿ ಎಕ್ಟೋಯಿನಿನ ಕೆಲಸ ಪ್ರಾರಂಭವಾಗುವದು.

ಎಕ್ಟೋಯಿನ್ ಮೂರು ಕಿಣ್ವಗಳ ಕೈ ದಾಟಿ ಸಿದ್ಧವಾಗುವದು. ಮೊದಲನೆಯದು ಮೂಲಪದಾರ್ಥಕ್ಕೆ ಸಾರಜನಕದ ಅಂಶವನ್ನು ಸೇರಿಸುವದು. ಎರಡನೆಯದು ಅದಕ್ಕೆ ಅಸಿಟೈಲ್ ಎಂಬ ಭಾಗವನ್ನು ಜೋಡಿಸುವದು. ಮೂರನೆಯದು ಅದನ್ನು ಬಳೆಯಂತೆ ಬಾಗಿಸಿ ಮುಗಿಸುವದು. ಈ ಕಿಣ್ವಗಳನ್ನು ಹ್ಯಾಲೋಮೊನಾಸಿನಿಂದ ಶುದ್ಧವಾಗಿ ಬೇರ್ಪಡಿಸಿ ೧೯೯೯ ರಲ್ಲಿ ಪರೀಕ್ಷಾಫಲಗಳನ್ನು ಪ್ರಕಟಿಸಿದರು. ಕೊನೆಯ ಕಿಣ್ವವು ಉಪ್ಪಿದ್ದಾಗಲೇ ಸ್ಥಿರವಾಗಿ ನಿಂತು ಚೆನ್ನಾಗಿ ಕೆಲಸಮಾಡುವದೆಂದು ಆಗ ಕಂಡುಬಂತು. ಅಂದರೆ ಯಾವ ಶತ್ರುವಿಗಾಗಿ ಈ ಕೆಲಸ ನಡೆಯಬೇಕೋ, ಆ ಶತ್ರುವೇ ಕೆಲಸಕ್ಕೆ ಚಾಲನೆ ಕೊಡುವದು.

ಇದು ಇದ್ದ ಕಿಣ್ವಗಳನ್ನು ಚುರುಕುಗೊಳಿಸುವ ಕ್ರಮ. ಇದಲ್ಲದೆ ಕಿಣ್ವಗಳ ಸಂಖ್ಯೆಯನ್ನೇ ಹೆಚ್ಚಿಸುವ ಕ್ರಮವೂ ಉಂಟು. ಈ ಮೂರು ಕಿಣ್ವಗಳನ್ನು ಮಾಡುವ ವಿಧಾನವು ಜೀವಿಯ ವಂಶವಾಹಿಗಳಲ್ಲಿ ಒಂದರ ಪಕ್ಕದಲ್ಲೊಂದಾಗಿ ಬರೆಯಲ್ಪಟ್ಟಿದೆ. ಹೊರಗೆ ಉಪ್ಪು ಹೆಚ್ಚಿದಂತೆ ಆ ಬರಹದ ಪ್ರತಿಗಳು ಹೆಚ್ಚಾಗಿ ತೆಗೆಯಲ್ಪಡುವವು, ಪ್ರತಿಗಳಿಂದ ಕಿಣ್ವಗಳು ಹೆಚ್ಚಾಗಿ ಸಿದ್ಧವಾಗುವವು. ಸುತ್ತಲಿನ ನೀರಿನಲ್ಲಿ ಎಕ್ಟೋಯಿನ್ ಇದ್ದರೆ ಅದನ್ನು ಒಳಗೆ ಎಳೆದುಕೊಳ್ಳುವ ಬಾಗಿಲೊಂದು ಸಹ ಇದೆ. ಸಿಕ್ಕುವ ವಸ್ತುವನ್ನು ಹೊಸದಾಗಿ ಮಾಡುವ ಶ್ರಮ ಇದರಿಂದ ಉಳಿಯುವದು.

ಉಪ್ಪು ಕಡಿಮೆಯಾದಾಗಲೂ ಜೀವಿಯು ಸುಮ್ಮನಿರುವದಿಲ್ಲ. ಒಳಗೆ ತುಂಬಿದ ಎಕ್ಟೋಯಿನಿನಿಂದ ಆಗ ಹೊರಗಿನ ನೀರು ಒಳಗೆ ನುಗ್ಗಿ ಮೈ ಒಡೆಯಬಹುದು. ಆ ಗಳಿಗೆಯಲ್ಲಿ ಪೊರೆಯ ಬಿಗುವನ್ನು ಅರಿಯುವ ಸಣ್ಣ ಕಂಡಿಗಳು ತೆರೆದು ಎಕ್ಟೋಯಿನನ್ನು ಹೊರಕ್ಕೆ ಬಿಡುವವು. ಇದಲ್ಲದೆ, ಎಕ್ಟೋಯಿನನ್ನು ಒಡೆದು ಮತ್ತೆ ಆಹಾರವಾಗಿ ಮಾಡಿಕೊಳ್ಳುವ ಬೇರೆ ಕಿಣ್ವಗಳೂ ಇವೆ. ಮಾಡುವ ಕೈಯೂ ಬಿಚ್ಚುವ ಕೈಯೂ ಒಂದೇ ಮನೆಯಲ್ಲಿರುವದರಿಂದ ಒಳಗಿನ ಪ್ರಮಾಣವನ್ನು ಬೇಗನೆ ತಿದ್ದಿಕೊಳ್ಳಬಹುದು.

ಈ ಗುಣವನ್ನು ಮನುಷ್ಯನು ಉಪಯೋಗಿಸಿಕೊಂಡಿದ್ದಾನೆ. ಬ್ಯಾಕ್ಟೀರಿಯಗಳನ್ನು ಹೆಚ್ಚು ಉಪ್ಪಿನ ನೀರಿನಲ್ಲಿ ಬೆಳೆಸಿ, ಬಳಿಕ ಕಡಿಮೆ ಉಪ್ಪಿನ ನೀರಿಗೆ ಹಾಕಿದರೆ ಅವು ಎಕ್ಟೋಯಿನನ್ನು ಬಿಟ್ಟುಕೊಡುವವು. ಅದನ್ನು ಸೋಸಿ ತೆಗೆದುಕೊಂಡು ಅವುಗಳನ್ನು ತಿರಿಗಿ ಉಪ್ಪಿನ ನೀರಿಗೆ ಹಾಕಿದರೆ ಮತ್ತೆ ತುಂಬಿಕೊಳ್ಳುವವು. ೧೯೯೮ ರಲ್ಲಿ ವರ್ಣಿಸಲ್ಪಟ್ಟ ಈ ಕ್ರಮಕ್ಕೆ ವಿಜ್ಞಾನಿಗಳು ಹಾಲು ಕರೆಯುವದೆಂದೇ ಹೆಸರಿಟ್ಟರು. ಹಸುವಿಗೆ ಕೇಡಾಗದಂತೆ ದಿನದಿನವೂ ಕರೆಯುವಂತೆ ಇಲ್ಲಿಯೂ ಜೀವಿಯನ್ನು ಕೊಲ್ಲದೆ ಪದಾರ್ಥವನ್ನು ಪಡೆಯುವರು. ಚರ್ಮಕ್ಕೆ ಹಚ್ಚುವ ಲೇಪಗಳಲ್ಲಿಯೂ ಕಣ್ಣಿಗೆ ಬಿಡುವ ಹನಿಗಳಲ್ಲಿಯೂ ಎಕ್ಟೋಯಿನ್ ಸೇರುವದುಂಟು.

ಹಾಗಾದರೆ ಎರಡನೆಯ ಮಾರ್ಗವೇ ಮೇಲೆಂದು ಹೇಳಬಹುದೋ? ಹಾಗೆ ಅವಸರಪಟ್ಟು ತೀರ್ಪು ಕೊಡಬಾರದು. ಎಕ್ಟೋಯಿನನ್ನು ಮಾಡುವದಕ್ಕೆ ಬಹಳ ಶಕ್ತಿ ವೆಚ್ಚವಾಗುವದು. ಲವಣವನ್ನೇ ತುಂಬಿಕೊಳ್ಳುವದು ಅದಕ್ಕಿಂತ ಅಗ್ಗ. ಹರಳುಗಟ್ಟುವಷ್ಟು ಉಪ್ಪಿರುವ ಕೊಳಗಳಲ್ಲಿ ಮೊದಲನೆಯ ಮಾರ್ಗದವುಗಳೇ ಬಹುಸಂಖ್ಯೆಯಲ್ಲಿ ಕಾಣುವವು. ಉಪ್ಪು ಏರಿಳಿಯುವ ಸ್ಥಳಗಳಲ್ಲಿ ಎರಡನೆಯವುಗಳಿಗೆ ಅನುಕೂಲವಿದೆ. ಒಂದು ತನ್ನ ಪ್ರತಿಯೊಂದು ಕಿಣ್ವವನ್ನೂ ಉಪ್ಪಿಗೆ ಒಪ್ಪಿಸಿ, ಆ ಒಂದೇ ಸ್ಥಳದಲ್ಲಿ ಬಲಿಷ್ಠವಾಯಿತು. ಇನ್ನೊಂದು ಬೆಲೆ ತೆತ್ತು, ಬದಲಾಗುವ ಸ್ವಾತಂತ್ರ್ಯವನ್ನು ಉಳಿಸಿಕೊಂಡಿತು.

ಉಪ್ಪನ್ನು ಮೆಚ್ಚಿದ ಜೀವಿಗಳಿಗೂ ಒಂದು ಮಿತಿ ಉಂಟೆಂಬದಕ್ಕೆ ಲವಣಸಮುದ್ರವೇ ಸಾಕ್ಷಿ. ೧೯೮೦ ರಲ್ಲಿಯೂ ೧೯೯೨ ರಲ್ಲಿಯೂ ಅತಿವೃಷ್ಟಿಯ ಚಳಿಗಾಲದ ಬಳಿಕ ಅದರ ಮೇಲ್ಭಾಗದ ನೀರು ತೆಳುವಾದಾಗ, ಮೊದಲು ಡ್ಯೂನಾಲಿಯೆಲ್ಲ ಎಂಬ ಪಾಚಿಯು ಬೆಳೆಯಿತು. ಅದರ ಬೆನ್ನಿಗೆ ಆರ್ಕಿಯಗಳು ಹೆಚ್ಚಿ ನೀರು ಕೆಂಪಾಯಿತು. ತೆಳುವಾಗದ ನೀರಿನಲ್ಲಿ ಹೀಗೆ ಆಗುವದಿಲ್ಲ. ಯೊರ್ದನಿನ ನೀರನ್ನು ಮನುಷ್ಯರು ಬೇರೆ ಕಡೆಗೆ ತಿರುಗಿಸಿದ್ದರಿಂದಲೂ, ಲವಣಗಳನ್ನು ತೆಗೆಯುವ ಕಾರ್ಖಾನೆಗಳು ನೀರನ್ನು ಆವಿಯಾಗಿಸುವದರಿಂದಲೂ ಸಮುದ್ರವು ಈಗ ವರುಷಕ್ಕೆ ಸುಮಾರು ಒಂದು ಮೀಟರಿನಷ್ಟು ಇಳಿಯುತ್ತಿದೆ. ಅದರ ಮಟ್ಟವು ಸಾಧಾರಣ ಸಮುದ್ರಮಟ್ಟಕ್ಕಿಂತ ೪೩೦ ಮೀಟರಿಗೂ ಕೆಳಗೆ ಹೋಗಿದೆ. ಅಡಿಗೆಯ ಉಪ್ಪು ಹರಳಾಗಿ ತಳಕ್ಕೆ ಇಳಿಯುತ್ತಾ, ಉಳಿದ ನೀರಿನಲ್ಲಿ ಮೆಗ್ನೀಸಿಯಂ ಲವಣದ ಪಾಲು ಏರುತ್ತಿದೆ. ಅಡಿಗೆಯ ಉಪ್ಪಿಗೆ ಹೊಂದಿಕೊಂಡ ಕಿಣ್ವಗಳಿಗೂ ಆ ಲವಣದ ಅತಿಶಯವು ಸಹಿಸಲಾಗದು. ವೋಲ್ಕಾನಿಯವರು ಜೀವವಿದೆಯೆಂದು ತೋರಿಸಿದ ಸಮುದ್ರವು, ಮನುಷ್ಯರ ಕೈಯಿಂದ, ತನ್ನ ಹಳೆಯ ಹೆಸರಿಗೆ ಹತ್ತಿರವಾಗುತ್ತಿದೆ. ನೀರನ್ನು ಹಂಚಿಕೊಳ್ಳುವದರಲ್ಲಿ ನಾವು ಕಣ್ಣಿಗೆ ಕಾಣದ ಪಾಲುಗಾರರನ್ನು ಎಣಿಸುವದಿಲ್ಲ.

ಇವುಗಳನ್ನು ನೋಡುವದಕ್ಕೆ ಪಲೆಸ್ತೀನಕ್ಕೇ ಹೋಗಬೇಕೆಂದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಗದ್ದೆಗಳಿಗೆ ಬಿಟ್ಟು, ಬಿಸಿಲಿನಲ್ಲಿ ಆರಿಸಿ ಉಪ್ಪು ಬೆಳೆಯುವರು. ಅಂಥ ಗದ್ದೆಗಳ ಕಡೆಗೆ ಬೇಸಿಗೆಯಲ್ಲಿ ಹೋದವರು, ಉಪ್ಪು ಹರಳುಗಟ್ಟುವ ಕೊನೆಯ ಗದ್ದೆಯ ನೀರನ್ನು ಮಕ್ಕಳಿಗೆ ತೋರಿಸಲಿ. ಅಲ್ಲಿ ಕೆಂಪುಛಾಯೆ ಕಂಡರೆ, ಅದು ಕೊಳೆಯೆಂದು ಹೇಳದೆ ಈ ಪಾಠವನ್ನು ನೆನಪುಮಾಡಿಕೊಡಲಿ. ಮಳೆ ಬಂದು ಗದ್ದೆ ಮುಳುಗಿದಾಗ ಸಿಹಿನೀರನ್ನು ತಾಳಲಾರದವುಗಳು ಬಹಳವಾಗಿ ಸಾಯುವವು. ಆದರೆ ಹರಳುಗಟ್ಟುವಾಗ ಉಪ್ಪಿನೊಳಗೆ ಸಿಕ್ಕಿಕೊಳ್ಳುವ ಸಣ್ಣ ನೀರಗುಳ್ಳೆಗಳಲ್ಲಿ ಕೆಲವು ಬಹುಕಾಲ ಜೀವದಿಂದಿರಬಲ್ಲವು. ಅಂಗಡಿಯ ಕಲ್ಲುಪ್ಪಿನಲ್ಲಿಯೂ ಇವು ದೊರೆತದ್ದುಂಟು. ತಂದೆತಾಯಿಗಳು ಇದನ್ನೋದಿ ಭಯಪಡಬೇಕಾಗಿಲ್ಲ. ಉಪ್ಪಿಲ್ಲದೆ ಬದುಕಲಾರದ ಈ ಆರ್ಕಿಯಗಳು ಮನುಷ್ಯರಿಗೆ ರೋಗವನ್ನು ತಂದದ್ದು ಕಂಡುಬಂದಿಲ್ಲ.

ಇಂಥ ಲೇಖನದ ಕೊನೆಯಲ್ಲಿ ಒಂದು ನೀತಿಯನ್ನು ಹೇಳುವ ವಾಡಿಕೆ ಉಂಟು. ಸೂಕ್ಷ್ಮಜೀವಿಗಳಿಗೆ ಇಚ್ಛೆಯಾಗಲಿ ಧೈರ್ಯವಾಗಲಿ ಇಲ್ಲ. ಅವುಗಳನ್ನು ಗುರುಗಳೆಂದು ಕರೆಯುವದು ತಕ್ಕದ್ದಲ್ಲ. ಆದರೂ ಈ ಶಾಲೆಯನ್ನು ಬಿಟ್ಟು ದೂರದ ಊರುಗಳಿಗೂ ಹೊಸ ಮನೆಗಳಿಗೂ ಹೊರದೇಶಗಳಿಗೂ ಹೋದ ನಮ್ಮ ವಿದ್ಯಾರ್ಥಿನಿಯರ ಕಾಗದಗಳನ್ನು ಓದುವಾಗ ಹ್ಯಾಲೋಮೊನಾಸ್ ನಮ್ಮ ನೆನಪಿಗೆ ಬರುವದುಂಟು. ಸುತ್ತಲಿನ ನೀರು ಬದಲಾದಾಗ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳಬೇಕಾಗಿಲ್ಲ, ಬಾಗಿಲು ಮುಚ್ಚಿಕೊಂಡು ಒಣಗಬೇಕಾಗಿಯೂ ಇಲ್ಲ. ಒಳಗೆ ತಯಾರಿಸಿಕೊಳ್ಳತಕ್ಕ ಸಾಮಗ್ರಿಯೊಂದಿದೆ, ಅದಕ್ಕೆ ಶ್ರಮ ತಗಲುವದು. ಅದನ್ನು ತಯಾರಿಸಿಕೊಳ್ಳುವ ಅಭ್ಯಾಸವು ಈ ಶಾಲೆಯ ಬೆಂಚುಗಳ ಮೇಲೆ ಸ್ವಲ್ಪವಾದರೂ ದೊರೆತಿದ್ದರೆ ನಾವು ಕೃತಾರ್ಥರು. ಮುಂದಿನ ಬೇಸಿಗೆಯಲ್ಲಿ ಮಿಡಿಯ ಭರಣಿಗೆ ಉಪ್ಪು ಹಾಕುವಾಗ ಮಕ್ಕಳು ಪಕ್ಕದಲ್ಲಿದ್ದರೆ, ಆ ನೀರು ಎಲ್ಲಿಂದ ಬರುವದೆಂದು ಮೊದಲು ಅವರನ್ನೇ ಕೇಳಿರಿ. ಉತ್ತರವನ್ನು ಒಡನೆ ಹೇಳಿಬಿಡಬೇಡಿರಿ.